ಬೈಲಕುಪ್ಪೆಯ ಅಂಗಳದಲ್ಲಿ ತರ್ಕದ ಚಪ್ಪಾಳೆ

ಮೈಸೂರಿನಿಂದ ಮಡಿಕೇರಿಯತ್ತ ಹೊರಟ ಬಸ್ಸು ಹುಣಸೂರು ದಾಟಿತೆಂದರೆ ಇಕ್ಕೆಲಗಳಲ್ಲಿ ತಂಬಾಕಿನ ಹೊಲಗಳು, ಎಲೆ ಹದಮಾಡುವ ಬ್ಯಾರನ್‌ಗಳು. ಪಿರಿಯಾಪಟ್ಟಣವೂ ಹಿಂದಾಗಿ, ಕುಶಾಲನಗರ ಇನ್ನೇನು ಬಂತು ಎನ್ನುವಾಗ ಸಿಗುವುದೇ ಬೈಲಕುಪ್ಪೆ. 1960ರ ಸುಮಾರಿಗೆ ಅಂದಿನ ಮೈಸೂರು ಸರ್ಕಾರ ಕೊಟ್ಟ ನೆಲದಲ್ಲಿ ಟಿಬೆಟನ್ ನಿರಾಶ್ರಿತರು ಕಟ್ಟಿಕೊಂಡ ಊರು ಇದು. ಪ್ರವಾಸಿಗರು ಸಾಮಾನ್ಯವಾಗಿ ಚಿನ್ನದ ದೇಗುಲ ನೋಡಿ ಮರಳುತ್ತಾರೆ. ವಿದ್ಯಾರ್ಥಿಗಳು ನೋಡಬೇಕಾದದ್ದು ಇನ್ನೊಂದಿದೆ: ಸೆರಾ ಮಠದ ವಾದದ ಅಂಗಳ.

1419ರಲ್ಲಿ ಲಾಸಾ ಬಳಿ ಸ್ಥಾಪನೆಯಾದ ಈ ಮಠದ ಪರಂಪರೆ ಇಂದು ಇಲ್ಲಿ ಬೇರೂರಿದೆ. ಪ್ರಶ್ನಿಸುವ ಭಿಕ್ಷು ನಿಂತು ಜೋರಾಗಿ ಚಪ್ಪಾಳೆ ತಟ್ಟುತ್ತಾನೆ; ಉತ್ತರಿಸುವವ ಕುಳಿತಿರುತ್ತಾನೆ. ಅವನು ಕೊಡಬಹುದಾದ ಉತ್ತರಗಳು ಕೆಲವೇ: ‘ಒಪ್ಪಿದೆ’, ‘ಏಕೆ?’, ‘ಕಾರಣ ಸಿದ್ಧವಾಗಿಲ್ಲ’, ‘ವ್ಯಾಪ್ತಿ ಇಲ್ಲ’. ಮೊದಲ ಪಾಠ ಬಣ್ಣದ್ದು. ಬಣ್ಣವಾದದ್ದೆಲ್ಲ ಕೆಂಪೇ? ಅಲ್ಲ, ಬಿಳಿ ಶಂಖದ ಬಣ್ಣವಿದೆಯಲ್ಲ! ದಿಙ್ನಾಗ, ಧರ್ಮಕೀರ್ತಿಯರಂಥ ಭಾರತೀಯ ಪಂಡಿತರ ಪ್ರಮಾಣಶಾಸ್ತ್ರವೇ ಇದರ ಬುನಾದಿ.

ಎರಡು ವರ್ಗಗಳ ನಡುವಿನ ಸಂಬಂಧವನ್ನು ಇಲ್ಲಿ ಉದಾಹರಣೆ ಕೊಟ್ಟೇ ಸಾಧಿಸಬೇಕು. ನಮ್ಮ ಸೀಮೆಯದನ್ನೇ ನೋಡಿ. ಕೆ.ಆರ್. ನಗರದ ಭತ್ತವೆಲ್ಲ ಬೆಳೆಯೇ. ಆದರೆ ಬೆಳೆಯೆಲ್ಲ ಭತ್ತವಲ್ಲ, ಹುಣಸೂರಿನ ತಂಬಾಕೂ ಬೆಳೆಯೇ. ‘ಆನೆ’ ಮತ್ತು ‘ಎಚ್.ಡಿ. ಕೋಟೆಯ ಪ್ರಾಣಿ’ ಎಂದರೆ ನಾಲ್ಕು ಸಾಧ್ಯತೆ: ಕಬಿನಿ ಹಿನ್ನೀರಿನ ಆನೆ ಎರಡೂ ಹೌದು, ಆಫ್ರಿಕಾದ ಆನೆ ಮೊದಲನೆಯದು ಮಾತ್ರ, ಇಲ್ಲಿನ ಹುಲಿ ಎರಡನೆಯದು ಮಾತ್ರ, ಆಫ್ರಿಕಾದ ಜಿರಾಫೆ ಎರಡೂ ಅಲ್ಲ.

ಕಂಪ್ಯೂಟರಿಗೆ ತರ್ಕ ಕಲಿಸುವವರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಯಾವುದು ಯಾವುದರೊಳಗೆ ಸೇರುತ್ತದೆ, ಯಾವುದು ಯಾವುದಕ್ಕೆ ವಿರುದ್ಧ ಎಂದು ಬರೆದಿಡುವುದಕ್ಕೆ ‘ಜ್ಞಾನ ನಿರೂಪಣೆ’ ಎನ್ನಬಹುದು. 2004ರಲ್ಲಿ ಇಂಥ ಬರವಣಿಗೆಗೆಂದೇ ‘ಔಲ್’ ಎಂಬ ಭಾಷೆ ಜಾಗತಿಕ ಜಾಲದ ಮಾನಕವಾಯಿತು. ಆಸ್ಪತ್ರೆಗಳು ಬಳಸುವ ‘ಸ್ನೋಮೆಡ್ ಸಿಟಿ’ ಪದಕೋಶದ ಒಳಗಟ್ಟೂ ಇದೇ ಬಗೆಯದು. ವೈರಸ್ಸಿನ ನ್ಯುಮೋನಿಯಾ ಒಂದು ನ್ಯುಮೋನಿಯಾ, ನ್ಯುಮೋನಿಯಾ ಶ್ವಾಸಕೋಶದ ಕಾಯಿಲೆ ಎಂದು ಹೇಳಿಟ್ಟರೆ ಸಾಕು. ಆ ರೋಗಿಯನ್ನು ಶ್ವಾಸಕೋಶದ ಕಾಯಿಲೆಯವರ ಪಟ್ಟಿಗೆ ಯಂತ್ರವೇ ಸೇರಿಸುತ್ತದೆ. ಹೇಳಿಟ್ಟದ್ದೇ ತಪ್ಪಾದರೆ? ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಮುಂದಕ್ಕೆ ಒಯ್ಯುತ್ತದೆ.

‘ವ್ಯಾಪ್ತಿ ಇಲ್ಲ’ ಎಂಬ ಉತ್ತರವನ್ನು ಯಂತ್ರ ಕ್ಷಣದಲ್ಲಿ ಕೊಟ್ಟೀತು. ‘ಕಾರಣ ಸಿದ್ಧವಾಗಿಲ್ಲ’ ಎನ್ನಬೇಕಾದರೆ ಯಾರಾದರೂ ಹೊಲಕ್ಕೆ, ಕಾಡಿಗೆ, ರೋಗಿಯ ಹಾಸಿಗೆಯ ಬಳಿಗೆ ಹೋಗಿ ನೋಡಿ ಬರಲೇಬೇಕು. ಬಾಯಿಪಾಠ ಒಪ್ಪಿಸುವ ಮಕ್ಕಳಿಗೆ ‘ಏಕೆ?’ ಎಂದು ಕೇಳುವ ಅಭ್ಯಾಸವನ್ನೂ ಮನೆಯಲ್ಲಿ ಹಚ್ಚಬೇಕಾದದ್ದು ಇದಕ್ಕಾಗಿಯೇ.