ಗುಂಪಿಗೆ ಸೇರದ ಜೀವಿಗಳು

ಹಿತ್ತಲಲ್ಲಿ ಗೋಬರ್ ಗ್ಯಾಸ್ ಇರುವ ಮನೆಯಲ್ಲಿ ಬೆಳಗಿನ ಹಾಲು ಕಾಯುವುದು ಸೂಕ್ಷ್ಮಜೀವಿಗಳ ಕೃಪೆಯಿಂದ. ಸಗಣಿ ಕೊಳೆಸುವ ಕೆಲಸ ಹಲವು ಬ್ಯಾಕ್ಟೀರಿಯಗಳದು. ಕೊನೆಯಲ್ಲಿ ಮೀಥೇನ್ ಅನಿಲ ತಯಾರಿಸುವವು ಮಾತ್ರ ಬೇರೆ. ಹಸುವಿನ ಹೊಟ್ಟೆಯಲ್ಲೂ, ಗದ್ದೆಯ ಕೆಸರಿನಲ್ಲೂ ಅವುಗಳದೇ ಕಾರುಬಾರು. ಅವನ್ನೂ ಬ್ಯಾಕ್ಟೀರಿಯ ಎಂದು ಬರೆದರೆ 1977ರವರೆಗೆ ಯಾವ ಪರೀಕ್ಷೆಯಲ್ಲೂ ಪೂರ್ತಿ ಅಂಕ ಸಿಗುತ್ತಿತ್ತು.

ಆ ಉತ್ತರವನ್ನು ತಪ್ಪೆಂದು ತೋರಿಸಿದವರು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಾರ್ಲ್ ವೋಸ್.

ಹದಿನೆಂಟನೆಯ ಶತಮಾನದಲ್ಲಿ ಸ್ವೀಡನ್ನಿನ ಲಿನೇಯಸ್ ಹೂವಿನ ಕೇಸರಗಳನ್ನು ಎಣಿಸಿ ಗಿಡಗಳನ್ನು ಗುಂಪು ಮಾಡಿದ. ಬ್ಯಾಕ್ಟೀರಿಯಕ್ಕೆ ಹೂವೂ ಇಲ್ಲ, ಕಾಲೂ ಇಲ್ಲ. ಸೂಕ್ಷ್ಮದರ್ಶಕದಲ್ಲಿ ಒಂದು ಗುಂಡಗೆ ಕಂಡರೆ ಇನ್ನೊಂದು ಕಡ್ಡಿಯಂತೆ ಕಾಣುತ್ತದೆ, ಅಷ್ಟೇ. ಹಾಗಾಗಿ ಕೋಶಕೇಂದ್ರವಿಲ್ಲದ ಜೀವಿಗಳನ್ನೆಲ್ಲ ಒಂದೇ ಮೂಟೆಯಲ್ಲಿ ಕಟ್ಟಿಟ್ಟಿದ್ದರು. ಪಿಯುಸಿ ಓದಿದವರಿಗೆ ಪರಿಚಿತವಾದ 'ಮೊನೆರಾ' ಆ ಮೂಟೆಯ ಹೆಸರು.

ವೋಸ್ ರೂಪವನ್ನು ನೋಡಲಿಲ್ಲ. ಪ್ರತಿ ಜೀವಕೋಶದಲ್ಲೂ ಪ್ರೋಟೀನು ತಯಾರಿಸುವ ರೈಬೋಸೋಮ್ ಇದೆ. ಅದರೊಳಗಿನ ಆರ್‌ಎನ್‌ಎ ಬದಲಾಗುವುದು ಬಹಳ ನಿಧಾನ. ಊರು ಬಿಟ್ಟು ತಲೆಮಾರುಗಳು ಕಳೆದರೂ ಮನೆಮಾತಿನಲ್ಲಿ ಉಳಿದುಬಿಡುವ ಹಳೆಯ ಪದಗಳಂತೆ ಅದು ನಂಟಸ್ತಿಕೆಯ ಗುಟ್ಟು ಹೇಳುತ್ತದೆ. ಅದನ್ನು ತುಂಡರಿಸಿ, ಎಕ್ಸ್-ರೇ ಫಿಲಂ ಮೇಲೆ ಮೂಡುವ ಕಪ್ಪು ಚುಕ್ಕೆಗಳನ್ನು ದೀಪದ ಮುಂದೆ ಹಿಡಿದು ಓದುವುದರಲ್ಲೇ ಅವರು ವರ್ಷಗಳನ್ನು ಕಳೆದರು. ಬೇಸರದ ಕೆಲಸ, ನೆಚ್ಚಿಕೊಂಡು ಬಂದವರು ಕಡಿಮೆ.

ಸಹೋದ್ಯೋಗಿ ರಾಲ್ಫ್ ವುಲ್ಫ್ ಮೀಥೇನ್ ತಯಾರಕ ಜೀವಿಯೊಂದನ್ನು ಬೆಳೆಸಿ ಕೊಟ್ಟರು. ಬ್ಯಾಕ್ಟೀರಿಯದಲ್ಲಿ ಇರಲೇಬೇಕಾದ ಚುಕ್ಕೆಗಳು ಅದರ ಫಿಲಂನಲ್ಲಿ ಕಾಣಲಿಲ್ಲ. 1977ರ ನವೆಂಬರಿನಲ್ಲಿ ವೋಸ್ ಮತ್ತು ಜಾರ್ಜ್ ಫಾಕ್ಸ್ ಇದು ಬೇರೆಯೇ ವಂಶ ಎಂದು ಸಾರಿದರು. ಸುದ್ದಿ ಪತ್ರಿಕೆಗಳ ಮುಖಪುಟಕ್ಕೆ ಬಂತು. ವಿಜ್ಞಾನಿಗಳು ಮುಖ ತಿರುಗಿಸಿದರು. ನೊಬೆಲ್ ಪಡೆದ ಹಿರಿಯರೊಬ್ಬರು ವುಲ್ಫ್ ಅವರಿಗೆ ಫೋನ್ ಮಾಡಿ, ಈ ಸಹವಾಸ ಬಿಟ್ಟುಬಿಡಿ ಎಂದು ಎಚ್ಚರಿಸಿದರು. ವೋಸ್ ಬಿಡಲಿಲ್ಲ, ಆದರೆ ಮನಸ್ಸು ಕಹಿಯಾಯಿತು. 1990ರಲ್ಲಿ ಅವರು ಜೀವಲೋಕವನ್ನು ಬ್ಯಾಕ್ಟೀರಿಯ, ಆರ್ಕಿಯಾ ಮತ್ತು ಕೋಶಕೇಂದ್ರವುಳ್ಳವು ಎಂದು ಮೂರು ಭಾಗ ಮಾಡಿದರು. 1996ರಲ್ಲಿ ಒಂದು ಆರ್ಕಿಯಾದ ಇಡೀ ಜೀನೋಮ್ ಓದಿದ ಮೇಲೆ ಅನುಮಾನದ ಬಾಯಿಗಳು ಬಹುಮಟ್ಟಿಗೆ ಮುಚ್ಚಿದವು.

ವೋಸ್ 2012ರಲ್ಲಿ ತೀರಿಕೊಂಡರು. ಮೂರು ವರ್ಷಗಳ ನಂತರ ಆರ್ಕ್ಟಿಕ್ ಕಡಲತಳದ ಕೆಸರಿನಲ್ಲಿ ಹೊಸ ಆರ್ಕಿಯಾಗಳ ಸುಳಿವು ಸಿಕ್ಕಿತು. ನಮ್ಮ ಜೀವಕೋಶಗಳಿಗೆ ಅವು ತೀರ ಹತ್ತಿರದ ನೆಂಟರು. ಹಾಗಿದ್ದರೆ ಭಾಗಗಳು ಮೂರಲ್ಲ, ಎರಡೇ ಎಂದು ಹಲವರು ಈಗ ವಾದಿಸುತ್ತಿದ್ದಾರೆ.