ಊಟ ಬಿಟ್ಟ ಮೊಲ

'ತಾನು ಹಿಡಿದ ಮೊಲಕ್ಕೆ ಮೂರೇ ಕಾಲು' ಎಂಬ ಗಾದೆಯನ್ನು ಹಟಮಾರಿಗಳನ್ನು ಕುರಿತು ಆಡುವಾಗ ನಾವು ಯಾರೂ ಮೊಲದ ಬಗ್ಗೆ ಯೋಚಿಸುವುದಿಲ್ಲ. ಆಮೆಯೊಡನೆ ಓಡಿ ಸೋತ ಮೊಲ, ಸಿಂಹವನ್ನು ಬಾವಿಗೆ ಕೆಡವಿದ ಜಾಣ ಮೊಲ, ಹುಣ್ಣಿಮೆಯ ಚಂದ್ರನೊಳಗೆ ಕುಳಿತ ಮೊಲ, ಹೀಗೆ ಬಾಲ್ಯದಿಂದಲೂ ಅದು ನಮಗೆ ಕಥೆಯ ಪ್ರಾಣಿ. ಅದಕ್ಕೂ ಒಂದು ಹೊಟ್ಟೆಯಿದೆ, ಆ ಹೊಟ್ಟೆಯ ಚಲನೆ ನಿಂತರೆ ಒಂದೆರಡು ದಿನಗಳಲ್ಲೇ ಅದು ಸಾಯಬಹುದು ಎಂಬ ಸಂಗತಿ ಯಾವ ಕಥೆಯಲ್ಲೂ ಬರುವುದಿಲ್ಲ. ಐವತ್ತು ದಾಟಿದ ಮೇಲೆ ನಾನು ಅದನ್ನು ಒಂದು ಜೀವಂತ ಮೊಲದಿಂದಲೇ ಕಲಿಯಬೇಕಾಯಿತು.

ಅದರ ಹೆಸರು ಮುತ್ತು. 2022ರ ಬೇಸಿಗೆಯಲ್ಲಿ ನಮ್ಮ ಧರ್ಮಕೇಂದ್ರದ ಒಂದು ಕುಟುಂಬಕ್ಕೆ ವರ್ಗವಾಯಿತು. ಹೋಗುತ್ತಿದ್ದ ಊರಿನ ಬಾಡಿಗೆ ಮನೆಯಲ್ಲಿ ಪ್ರಾಣಿ ಸಾಕಲು ಅನುಮತಿ ಇರಲಿಲ್ಲ. ಹನ್ನೊಂದು ವರ್ಷದ ಮಗಳು ಬಿದಿರಿನ ಬುಟ್ಟಿಯೊಂದನ್ನು ಎದೆಗವಚಿಕೊಂಡು ಗುರುನಿವಾಸಕ್ಕೆ ಬಂದಳು. "ಸ್ವಾಮಿ, ಇವನನ್ನು ನೀವೇ ನೋಡಿಕೊಳ್ಳಿ. ಬಿಸ್ಕತ್ತು ಮಾತ್ರ ಕೊಡಬೇಡಿ" ಎಂದಳು. ಅಳಲಿಲ್ಲ. ಅಳದ ಮಕ್ಕಳ ಮಾತನ್ನು ತೆಗೆದುಹಾಕುವುದು ಕಷ್ಟ. ಅಂದಿನಿಂದ ಪ್ರತಿ ಭಾನುವಾರ ಸಂಜೆ ಅವಳ ಫೋನು ಬರುತ್ತಿತ್ತು. ನನ್ನ ಆರೋಗ್ಯದ ವಿಚಾರಣೆ ಒಂದು ವಾಕ್ಯದಲ್ಲಿ ಮುಗಿದು, ಮುತ್ತುವಿನ ವಿಚಾರ ಕಾಲು ಗಂಟೆ ನಡೆಯುತ್ತಿತ್ತು.

ಗುರುಮಠದಲ್ಲಿ ಓದುತ್ತಿದ್ದಾಗ ಮೊಲವನ್ನು ಮೊದಲು ಪಳಗಿಸಿದವರು ಫ್ರಾನ್ಸಿನ ಸನ್ಯಾಸಿಗಳು ಎಂಬ ಕಥೆಯನ್ನು ಕೇಳಿದ್ದೆ. ಸುಮಾರು ಕ್ರಿ.ಶ. 600ರಲ್ಲಿ, ಎಳೆಯ ಮೊಲದ ಮಾಂಸವು ಮಾಂಸವೇ ಅಲ್ಲವೆಂದು ಜಗದ್ಗುರು ಗ್ರೆಗೊರಿಯವರು ತೀರ್ಪಿತ್ತುದರಿಂದ ಉಪವಾಸಕಾಲದ ಆಹಾರಕ್ಕಾಗಿ ಮಠಗಳಲ್ಲಿ ಮೊಲ ಸಾಕಿದರಂತೆ. ಅದು ಹಳೆಯ ಬರಹವೊಂದನ್ನು ತಪ್ಪಾಗಿ ಓದಿದ್ದರಿಂದ ಹುಟ್ಟಿದ ಕಥೆಯೆಂದು 2018ರಲ್ಲಿ ವಿದ್ವಾಂಸರು ತೋರಿಸಿದ್ದಾರೆ. ಸನ್ಯಾಸಿಗಳ ತಲೆಯ ಮೇಲಿಂದ ಒಂದು ಅಪವಾದ ಇಳಿದಂತಾಯಿತು. ಒಂದು ಮಾತು ಮಾತ್ರ ನಿಜ. ನಾವು ಮನೆಯಲ್ಲಿ ಸಾಕುವ ಮೊಲ ಯುರೋಪಿನ ಮೂಲದ್ದು, ನಮ್ಮ ಹೊಲದ ಬದುಗಳಲ್ಲಿ ನೆಗೆದೋಡುವ ಕಾಡುಮೊಲದ ಜಾತಿಯೇ ಬೇರೆ.

2024ರ ಜನವರಿ 20, ಶನಿವಾರ, ಸಂತ ಸೆಬಾಸ್ಟಿಯನ್ನರ ಹಬ್ಬ. ಬ್ಯಾಂಡು, ಗರ್ನಾಲು, ಮೆರವಣಿಗೆ, ಸಾವಿರ ಜನರ ಊಟ. ಹಬ್ಬದ ದಿನ ಗುರುನಿವಾಸದ ಹಿತ್ತಿಲು ಇಡೀ ಊರಿನ ಹಿತ್ತಿಲು. ಮಕ್ಕಳು ಮೊಲದ ಗೂಡಿನ ಸುತ್ತ ಮುತ್ತಿ, ತಮ್ಮ ಕೈಯಲ್ಲಿದ್ದ ಬನ್ನು, ಬಿಸ್ಕತ್ತುಗಳನ್ನು ಪ್ರೀತಿಯಿಂದಲೇ ಹಂಚಿಕೊಂಡಿದ್ದರು. ಭಾನುವಾರ ಬೆಳಗಿನ ಜಾವ ನಾನು ಮೊದಲನೆಯ ಪೂಜೆಗೆ ಹೊರಡುತ್ತಿದ್ದಾಗ ಅಡುಗೆಯ ಅಮ್ಮ ಬಂದು, "ಸ್ವಾಮಿ, ರಾತ್ರಿ ಹಾಕಿದ ಹುಲ್ಲು ಹಾಗೇ ಬಿದ್ದಿದೆ. ಗೂಡಿನಲ್ಲಿ ಒಂದು ಹಿಕ್ಕೆಯೂ ಇಲ್ಲ" ಎಂದರು.

ಮುತ್ತು ಮೂಲೆಯಲ್ಲಿ ಬೆನ್ನು ಬಾಗಿಸಿ ಮುದುಡಿ ಕುಳಿತಿತ್ತು. ಕಣ್ಣು ಅರೆ ಮುಚ್ಚಿತ್ತು. ಕಿವಿಗಳು ತಣ್ಣಗಿದ್ದವು. ಹತ್ತಿರ ಹೋದಾಗ ಹಲ್ಲು ಕಡಿಯುವ ಸಣ್ಣ ಸದ್ದು ಕೇಳಿಸಿತು. ನಾಯಿ ನೋವಾದರೆ ಕುಂಯ್‌ಗುಟ್ಟುತ್ತದೆ, ಹಸು ಅಂಬಾ ಎನ್ನುತ್ತದೆ. ಮೊಲ ಬೇರೆ ಪ್ರಾಣಿಗಳಿಗೆ ಆಹಾರವಾಗಿ ಬದುಕಿದ ಜೀವಿ. ತಾನು ದುರ್ಬಲನೆಂದು ತೋರಿಸಿಕೊಳ್ಳುವುದು ಅದರ ಪಾಲಿಗೆ ಸಾವನ್ನು ಕರೆದಂತೆ. ಆದ್ದರಿಂದ ಅದು ನೋವನ್ನು ನುಂಗುತ್ತದೆ. ಆ ಹಲ್ಲು ಕಡಿತವೊಂದೇ ಅದರ ನರಳಾಟ.

ನಾನು ಪೂಜೆಯಲ್ಲಿದ್ದಾಗ ಅಮ್ಮನ ಮಗ ಅದನ್ನು ಊರಿನ ಪಶುವೈದ್ಯರ ಮನೆಗೆ ಕೊಂಡೊಯ್ದ. ಅವರು ಪ್ರಾಮಾಣಿಕರು. ಹಸು ಎಮ್ಮೆಗಳಲ್ಲಿ ತಮಗಿರುವ ಅನುಭವ ಮೊಲದಲ್ಲಿ ಇಲ್ಲವೆಂದೂ, ತಡಮಾಡದೆ ಜಿಲ್ಲಾ ಕೇಂದ್ರದಲ್ಲಿರುವ ಸಾಕುಪ್ರಾಣಿ ವೈದ್ಯೆಯ ಬಳಿಗೆ ಒಯ್ಯಬೇಕೆಂದೂ ಹೇಳಿಕಳುಹಿಸಿದರು. ಅರಿಯದ್ದನ್ನು ಅರಿಯೆನೆಂದು ಹೇಳುವ ವೈದ್ಯರು ಅರ್ಧ ಪ್ರಾಣ ಉಳಿಸುತ್ತಾರೆಂದು ನನಗೆ ಅನಿಸಿದೆ. ಎರಡನೆಯ ಪೂಜೆ ಮುಗಿದೊಡನೆ ಹೊರಟೆವು. ದಾರಿಯಲ್ಲಿ ಭೇಟಿಯಾದ ಹಿರಿಯರೊಬ್ಬರು, "ಹೊಟ್ಟೆ ಕೆಟ್ಟಿದ್ದರೆ ಒಂದು ದಿನ ಉಪವಾಸ ಹಾಕಿ ಸ್ವಾಮಿ, ಸರಿಹೋಗುತ್ತದೆ" ಎಂದು ಸಲಹೆಯಿತ್ತರು. ಉಪವಾಸದ ಬಗ್ಗೆ ವರ್ಷಕ್ಕೆ ನಲವತ್ತು ದಿನ ಬೋಧಿಸುವ ನನಗೂ ಅದು ಸಹಜವೆನಿಸಬಹುದಾದ ಮಾತು. ಮೊಲದ ವಿಷಯದಲ್ಲಿ ಅದು ಪೂರ್ತಿ ತಲೆಕೆಳಗು ಎಂಬುದನ್ನು ಆ ವೈದ್ಯೆ ವಿವರಿಸಿದರು.

ಮೊಲದ ಕರುಳು ಸದಾ ಚಲಿಸುತ್ತಿರಬೇಕಾದ ಯಂತ್ರ. ಅದನ್ನು ಚಲಿಸುವಂತೆ ಮಾಡುವುದು ಹುಲ್ಲಿನ ಒರಟು ನಾರು. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿ ಒಂದು ದೊಡ್ಡ ಚೀಲವಿದ್ದು, ಅದರೊಳಗಿನ ಅಸಂಖ್ಯ ಸೂಕ್ಷ್ಮಾಣುಗಳು ಹುಲ್ಲನ್ನು ಹುದುಗಿಸಿ ಅರಗಿಸುತ್ತವೆ. ಹಿಟ್ಟು, ಸಕ್ಕರೆ ಹೆಚ್ಚಾಗಿ ನಾರು ಕಡಿಮೆಯಾದರೆ, ಅಥವಾ ಭಯ, ನೋವು, ನೀರಿನ ಕೊರತೆ ಇವುಗಳಲ್ಲಿ ಯಾವುದಾದರೂ ಒದಗಿದರೆ, ಕರುಳು ನಿಧಾನವಾಗುತ್ತದೆ. ಒಳಗಿನದು ಒಣಗಿ ಗಟ್ಟಿಯಾಗುತ್ತದೆ, ವಾಯು ತುಂಬಿ ನೋವಾಗುತ್ತದೆ. ನೋವಿನಿಂದ ಮೊಲ ತಿನ್ನುವುದನ್ನು ಬಿಡುತ್ತದೆ. ತಿನ್ನದ್ದರಿಂದ ಕರುಳು ಇನ್ನಷ್ಟು ನಿಲ್ಲುತ್ತದೆ. ಹಸಿವು ಮುಂದುವರಿದರೆ ಯಕೃತ್ತಿನಲ್ಲಿ ಕೊಬ್ಬು ಶೇಖರವಾಗಿ ಅದೂ ಸೋಲುತ್ತದೆ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯೂ ಇಲ್ಲ. ಆದುದರಿಂದ ಹತ್ತು ಹನ್ನೆರಡು ಗಂಟೆ ಮೊಲ ಏನನ್ನೂ ತಿನ್ನದಿದ್ದರೆ ಅದು ತುರ್ತು ಪರಿಸ್ಥಿತಿಯೇ. ನಮ್ಮ ನಿಮ್ಮ ಮನೆಗಳಲ್ಲಿ ಮಕ್ಕಳು ಮೊಲ ಸಾಕಿದ್ದರೆ ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಸಾಕು. ಇನ್ನೊಂದನ್ನೂ ಅವರು ಒತ್ತಿ ಹೇಳಿದರು. ಮನೆಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್‌ನಂಥ ಮಾತ್ರೆಗಳನ್ನು ಪುಡಿಮಾಡಿ ಕುಡಿಸಬಾರದು. ಅದರಿಂದ ಹೊಟ್ಟೆಯ ಒಳ್ಳೆಯ ಸೂಕ್ಷ್ಮಾಣುಗಳು ನಾಶವಾಗಿ ಮೊಲದ ಪ್ರಾಣಕ್ಕೇ ಕುತ್ತು ಬರುತ್ತದೆ.

ಅವರು ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿದರು, ಹಲ್ಲುಗಳನ್ನು ಪರೀಕ್ಷಿಸಿದರು. ಮೊಲದ ಹಲ್ಲು ಜೀವಮಾನವೆಲ್ಲ ಬೆಳೆಯುತ್ತಲೇ ಇರುವುದರಿಂದ, ವಕ್ರವಾಗಿ ಬೆಳೆದ ಹಲ್ಲು ಬಾಯಿ ಚುಚ್ಚಿಯೂ ಊಟ ಬಿಡುವುದುಂಟಂತೆ. ಕ್ಷಕಿರಣ ಚಿತ್ರದಲ್ಲಿ ಎಲ್ಲೂ ಅಡಚಣೆ ಕಾಣಲಿಲ್ಲ, ವಾಯು ಮಾತ್ರ ತುಂಬಿತ್ತು. ಮೈಶಾಖ 38ಕ್ಕಿಂತ ಕೆಳಗಿಳಿದಿತ್ತು. ಆರೋಗ್ಯವಂತ ಮೊಲದಲ್ಲಿ ಅದು ಸುಮಾರು 38.5ರಿಂದ 40 ಡಿಗ್ರಿ ಸೆಲ್ಸಿಯಸ್ ಇರಬೇಕು. ಚರ್ಮದಡಿಗೆ ಲವಣದ ದ್ರವ, ನೋವಿಗೊಂದು ಚುಚ್ಚುಮದ್ದು, ಅಡಚಣೆ ಇಲ್ಲವೆಂದು ಖಚಿತವಾದ ಮೇಲೆ ಕರುಳನ್ನು ಚಲಿಸುವಂತೆ ಮಾಡುವ ಔಷಧ ಇಷ್ಟನ್ನು ಕೊಟ್ಟು, "ಉಳಿದದ್ದು ನಿಮ್ಮ ಕೈಯಲ್ಲಿದೆ ಫಾದರ್" ಎಂದರು.

ಉಳಿದದ್ದೆಂದರೆ ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ, ಹುಲ್ಲಿನ ಪುಡಿಯನ್ನು ಬಿಸಿನೀರಿನಲ್ಲಿ ಗಂಜಿಯಂತೆ ಕಲಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಹನಿಹನಿಯಾಗಿ ಉಣ್ಣಿಸುವುದು. ಮೊಲವನ್ನು ಬೆನ್ನಡಿಯಾಗಿ ಮಲಗಿಸಬಾರದು, ಆತುರಪಡಬಾರದು, ಗಂಜಿ ಶ್ವಾಸನಾಳಕ್ಕೆ ಹೋಗಬಾರದು. ಒಂದು ಸಲಕ್ಕೆ ಹತ್ತು ಹದಿನೈದು ಮಿಲಿಲೀಟರಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಅಡುಗೆಯ ಅಮ್ಮ ಅದನ್ನು ಟವಲಿನಲ್ಲಿ ಹಸುಗೂಸಿನಂತೆ ಸುತ್ತಿ ಮಡಿಲಲ್ಲಿಟ್ಟುಕೊಳ್ಳುತ್ತಿದ್ದರು, ನಾನು ಸಿರಿಂಜು ಹಿಡಿಯುತ್ತಿದ್ದೆ. ಮಲೆನಾಡಿನ ಜನವರಿಯ ಚಳಿ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟೆವು. ನಡುನಡುವೆ ಹೊಟ್ಟೆಯನ್ನು ಬೆರಳ ತುದಿಯಿಂದ ಮೃದುವಾಗಿ ನೀವುತ್ತಿದ್ದೆವು.

ಭಾನುವಾರ ಸಂಜೆ ಫೋನು ಬಂತು. ಇದ್ದದ್ದನ್ನು ಇದ್ದಂತೆ ಹೇಳಿದೆ. ಆಚೆಕಡೆ ಸ್ವಲ್ಪ ಹೊತ್ತು ಮೌನ. ಬಳಿಕ ಅವಳು, "ಸ್ವಾಮಿ, ಹಿಕ್ಕೆ ಹಾಕಿದ ಕೂಡಲೇ ರಾತ್ರಿಯಾದರೂ ಫೋನು ಮಾಡಿ" ಎಂದಳು. ಆರೋಗ್ಯವಂತ ಮೊಲ ದಿನಕ್ಕೆ 200ರಿಂದ 300 ಹಿಕ್ಕೆ ಹಾಕುತ್ತದೆ. ನಾವು ಒಂದೇ ಒಂದಕ್ಕಾಗಿ ಕಾಯುತ್ತಿದ್ದೆವು.

ಇದನ್ನು ಬರೆಯುವಾಗ ಯಾಜಕಕಾಂಡದ ಹನ್ನೊಂದನೆಯ ಅಧ್ಯಾಯ ನೆನಪಾಗುತ್ತದೆ. ಅಲ್ಲಿ ಮೊಲವನ್ನು ಮೆಲುಕು ಹಾಕುವ ಪ್ರಾಣಿಗಳ ಸಾಲಿಗೆ ಸೇರಿಸಿದೆ. ಹಸುವಿನಂತೆ ಅದು ಮೆಲುಕು ಹಾಕುವುದಿಲ್ಲವೆಂದು ಬಲ್ಲವರು ಆಕ್ಷೇಪಿಸುತ್ತಾರೆ. ಮೊಲ ತನ್ನ ಮೃದುವಾದ ಒಂದು ಬಗೆಯ ಹಿಕ್ಕೆಯನ್ನು ಹೊರಬಂದ ಕೂಡಲೇ ಮತ್ತೆ ತಿಂದು, ಹುಲ್ಲಿನ ಸತ್ವವನ್ನು ಎರಡನೆಯ ಸಲ ಪಡೆಯುತ್ತದೆ. ಆ ಹಳೆಯ ಲೇಖಕರು ಸದಾ ಆಡುತ್ತಿರುವ ಅದರ ಬಾಯಿಯನ್ನು ನೋಡಿ ಬರೆದಿರಬೇಕು. ಆ ಬಾಯಿ ನಿಂತಾಗ ಎಷ್ಟು ಭಯವಾಗುತ್ತದೆಂಬುದು ನನಗೀಗ ಗೊತ್ತು.

ಸೋಮವಾರ ಸಂಜೆ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಬಂದರು. ಎಪ್ಪತ್ತು ದಾಟಿದ ರೈತರು, ಒಬ್ಬಂಟಿ. ಅವರ ಪತ್ನಿ ನಾನು ಈ ಊರಿಗೆ ಬರುವ ಮೊದಲೇ ತೀರಿಕೊಂಡಿದ್ದರು. ನಮ್ಮ ಶುಶ್ರೂಷೆಯನ್ನು ನಿಂತು ನೋಡಿ, "ಎಷ್ಟಾಯಿತು ಸ್ವಾಮಿ ಖರ್ಚು?" ಎಂದರು. ಕ್ಷಕಿರಣ, ಔಷಧ, ಆಟೋ ಬಾಡಿಗೆ ಸೇರಿ 2,400 ರೂಪಾಯಿ, ಧರ್ಮಕೇಂದ್ರದ್ದಲ್ಲ, ನನ್ನದೇ ಎಂದೆ. ಅವರು ತಲೆಯಾಡಿಸಿದರು.

ಪ್ರಶ್ನೆ ಸಣ್ಣದಲ್ಲವೆಂದು ನಾನು ಬಲ್ಲೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಪ್ರಾಣಿಗಳು ದೇವರ ಸೃಷ್ಟಿ, ಅವುಗಳಿಗೆ ನಾವು ದಯೆ ತೋರಬೇಕು, ಅನಗತ್ಯವಾಗಿ ನೋಯಿಸಬಾರದು ಎನ್ನುತ್ತದೆ. ಮನುಷ್ಯರ ಸಂಕಟಕ್ಕೆ ಮೊದಲು ಸಲ್ಲಬೇಕಾದ ಹಣವನ್ನು ಅವುಗಳಿಗೆ ಸುರಿಯಬಾರದೆಂದೂ ಅಲ್ಲೇ ಹೇಳುತ್ತದೆ. ಎರಡನ್ನೂ ನಾನು ಒಪ್ಪುತ್ತೇನೆ. ಗೂಡಿನಲ್ಲಿ ಕೂಡಿಟ್ಟು, ತನ್ನ ಹುಲ್ಲನ್ನು ತಾನೇ ಹುಡುಕಿಕೊಳ್ಳದಂತೆ ಮಾಡಿದ ಮೇಲೆ, ಅದರ ಹೊಟ್ಟೆನೋವನ್ನು ಅದರ ಹಣೆಬರಹವೆಂದು ಬಿಡುವುದು ನನಗೆ ಒಪ್ಪಿಗೆಯಿಲ್ಲ. ಇಷ್ಟನ್ನು ಅವರಿಗೆ ಹೇಳಬೇಕೆಂದಿದ್ದೆ. ಅವರ ಮನಸ್ಸಿನಲ್ಲಿದ್ದುದು ಬೇರೆ.

"ತಪ್ಪು ತಿಳಿಯಬೇಡಿ ಸ್ವಾಮಿ. ನಮ್ಮ ಮನೆಯಾಕೆಯೂ ಹೀಗೇ ಊಟ ಬಿಟ್ಟಿದ್ದಳು. ತಟ್ಟೆಗೆ ಬಡಿಸಿಕೊಂಡು ಕೂರುತ್ತಿದ್ದಳು, ಆಮೇಲೆ ನಾಯಿಗೆ ಹಾಕುತ್ತಿದ್ದಳಂತೆ. ಕೊಯ್ಲಿನ ಕಾಲ. ಮನೆ ತುಂಬ ಜನ. ಯಾರೂ ನೋಡಲಿಲ್ಲ. ಇದರ ಹಿಕ್ಕೆಯನ್ನು ನೀವು ಎಣಿಸುತ್ತಿದ್ದೀರಿ."

ಏನು ಹೇಳಲಿ? ಅಡುಗೆಯ ಅಮ್ಮನಿಗೆ ಒಲೆಯ ಮೇಲೆ ಏನೋ ಉಕ್ಕುವ ಸದ್ದು ಕೇಳಿಸಿ, "ಸ್ವಲ್ಪ ಹಿಡಿದುಕೊಳ್ಳಿ" ಎಂದು ಟವಲಿನ ಗಂಟನ್ನು ಅವರ ಕೈಗಿತ್ತು ಒಳಗೆ ಹೋದರು. ಹೊಲದ ಕೆಲಸಕ್ಕೆ ಒಗ್ಗಿದ ದಪ್ಪ ಬೆರಳುಗಳು. ಅವರು ಹಿಡಿದ ರೀತಿ ನಮ್ಮಿಬ್ಬರಿಗಿಂತ ಚೆನ್ನಾಗಿತ್ತು. ಗಂಜಿ ಮುಗಿಯುವವರೆಗೂ ಅವರೇ ಹಿಡಿದಿದ್ದರು. ಹೋಗುವ ಮುನ್ನ, ಬೆಳಿಗ್ಗೆ ಎಳೆ ಗರಿಕೆ ತರುವುದಾಗಿ ಹೇಳಿದರು.

ಮಂಗಳವಾರ ನಸುಕಿನ ನಾಲ್ಕು ಗಂಟೆಗೆ ಗೂಡಿನ ಮೂಲೆಯಲ್ಲಿ ಮೂರು ಹಿಕ್ಕೆಗಳಿದ್ದವು. ಮೆಣಸಿನ ಕಾಳಿಗಿಂತ ಸಣ್ಣವು, ಒಣಗಿದವು, ಒಂದರ ಆಕಾರವೂ ಸರಿಯಿಲ್ಲ. ಅಮ್ಮ ಅವನ್ನು ಅಂಗೈಯಲ್ಲಿಟ್ಟು ದೀಪದ ಬೆಳಕಿಗೆ ಹಿಡಿದು ನೋಡಿದರು. ಮಾತು ಕೊಟ್ಟಿದ್ದಂತೆ ಫೋನು ಮಾಡಿದೆ. ಮೊದಲ ಗಂಟೆಗೇ ಎತ್ತಿದವಳು ಆ ಹುಡುಗಿ.

ಪೂರ್ತಿ ಚೇತರಿಸಿಕೊಳ್ಳಲು ಇನ್ನೂ ಎಂಟು ದಿನ ಹಿಡಿಯಿತು. ಸಿರಿಂಜಿನ ಊಟವನ್ನು ಒಮ್ಮೆಲೇ ನಿಲ್ಲಿಸದೆ, ತಾನಾಗಿ ತಿನ್ನತೊಡಗಿದಂತೆ ಕಡಿಮೆ ಮಾಡಿದೆವು. ಈಗ ಅದರ ಆಹಾರದಲ್ಲಿ ಬಹುಪಾಲು ಹುಲ್ಲೇ. ಜೊತೆಗೆ ಒಂದಿಷ್ಟು ಕೊತ್ತಂಬರಿ ಸೊಪ್ಪು. ಚಿತ್ರಗಳಲ್ಲಿ ಮೊಲದ ಕೈಗೆ ಕೊಡುವ ಗಜ್ಜರಿಯಲ್ಲಿ ಸಕ್ಕರೆ ಹೆಚ್ಚಿರುವುದರಿಂದ ಅದು ಅಪರೂಪಕ್ಕೊಂದು ತುಂಡು ಮಾತ್ರ. 2025ರ ಹಬ್ಬಕ್ಕೆ ಎರಡು ದಿನ ಮೊದಲೇ ಮುತ್ತುವನ್ನು ಆ ಹಿರಿಯರ ಮನೆಗೆ ಕಳುಹಿಸಲಾಯಿತು. ಅಲ್ಲಿಗೆ ಬ್ಯಾಂಡಿನ ಸದ್ದು ಕೇಳುವುದಿಲ್ಲ.

ಗರಿಕೆ ಮಾತ್ರ ತಪ್ಪಿಲ್ಲ. ಬೆಳಗಿನ ಪೂಜೆಗೆ ಬರುವಾಗ ಅವರ ಕಂಕುಳಲ್ಲಿ ಒದ್ದೆ ಟವಲಿನಲ್ಲಿ ಸುತ್ತಿದ ಒಂದು ಕಟ್ಟು ಇರುತ್ತದೆ. ದೇವಾಲಯಕ್ಕೆ ಹೋಗುವ ಮುನ್ನ ಹಿತ್ತಿಲಿಗೆ ಹೋಗಿ, ಬಗ್ಗಿ ಗೂಡಿನ ನೆಲವನ್ನು ನೋಡುತ್ತಾರೆ. ಮೊನ್ನೆ ಅಡುಗೆಯ ಅಮ್ಮನಿಗೆ ಜ್ವರವಿತ್ತು. ಅದು ತಿಳಿದೊಡನೆ ಅವರು ಕೇಳಿದ ಮೊದಲ ಮಾತು, "ಏನಾದರೂ ತಿಂದರಾ?" ಎಂಬುದು.