ಲಾರೆನ್ಸ್ ಪಟ್ಟಣದ ರಥಾತಿರಥ ಗಣನೆ

ಅಮೇರಿಕಾ ಸಂಯುಕ್ತ ಸಂಸ್ಥಾನಗಳ ನಡುನಾಡಿನಲ್ಲಿ ಕ್ಯಾನ್ಸಸ್ ಎಂಬ ಪ್ರಾಂತವಿದೆ. ಗೋಧಿಯ ಹೊಲಗಳಿಗೂ ಸುಂಟರಗಾಳಿಗೂ ಹೆಸರಾದ ನಾಡು ಅದು. ಅದರ ಮೂಡಣ ಭಾಗದಲ್ಲಿ, ಕ್ಯಾನ್ಸಸ್ ಸಿಟಿ ಎಂಬ ಮಹಾನಗರದಿಂದ ಪಡುವಣಕ್ಕೆ ಸುಮಾರು 40 ಮೈಲಿ ದೂರದಲ್ಲಿ, ನದಿಯ ದಡದ ಮೇಲೆ ಲಾರೆನ್ಸ್ ಎಂಬ ಪಟ್ಟಣವಿದೆ. ನಮ್ಮ ಸೋದರಳಿಯನು ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಉದ್ಯೋಗದಲ್ಲಿರುವನು. ಅವನ ಮನೆಯಲ್ಲಿ 2024ನೆಯ ಇಸವಿಯ ಅಕ್ಟೋಬರ್ ತಿಂಗಳನ್ನು ನಾವು ಕಳೆದೆವು. ಪ್ರವಾಸಿಗಳು ಹುಡುಕಿಕೊಂಡು ಹೋಗತಕ್ಕ ಪರ್ವತವಾಗಲಿ ಜಲಪಾತವಾಗಲಿ ಆ ಊರಿನಲ್ಲಿಲ್ಲ. ಆದರೂ ಅಲ್ಲಿ ನಡೆಯುವ ಒಂದು ವಾರ್ಷಿಕ ವಿಚಾರಸಭೆಯನ್ನು ಕಂಡು ಬಂದ ನಾವು, ಅದರ ವೃತ್ತಾಂತವನ್ನು ವಾಚಕರ ಮುಂದಿಡಬೇಕೆಂದು ಬಗೆದಿದ್ದೇವೆ.

ಊರಿನ ಚರಿತ್ರೆ ಚಿಕ್ಕದಾದರೂ ಕಠೋರವಾದದ್ದು. ಗುಲಾಮಗಿರಿಯನ್ನು ಒಪ್ಪದ ಜನ ಮೆಸಾಚುಸೆಟ್ಸ್ ಸೀಮೆಯಿಂದ ಬಂದು 1854ರಲ್ಲಿ ಇದನ್ನು ಕಟ್ಟಿದರು. ಆದುದರಿಂದಲೇ ಊರಿನ ದೊಡ್ಡ ಬೀದಿಗೆ ಇಂದಿಗೂ ಮೆಸಾಚುಸೆಟ್ಸ್ ಬೀದಿಯೆಂದು ಹೆಸರು. ಅಂತರ್ಯುದ್ಧದ ಕಾಲದಲ್ಲಿ, 1863ನೆಯ ಆಗಸ್ಟ್ 21ರ ಬೆಳಗ್ಗೆ, ನೆರೆಯ ಮಿಸೂರಿ ಸೀಮೆಯ ಕಡೆಯಿಂದ ಕ್ವಾಂಟ್ರಿಲ್ ಎಂಬವನ ದಂಡು ನುಗ್ಗಿ ಊರನ್ನು ಸುಟ್ಟು, ನೂರೈವತ್ತಕ್ಕೂ ಮೇಲ್ಪಟ್ಟು ಗಂಡಸರನ್ನೂ ಹುಡುಗರನ್ನೂ ಕೊಂದಿತು. ಬೂದಿಯ ಮೇಲೆ ಊರನ್ನು ಮತ್ತೆ ಕಟ್ಟಿದ ಜನ ಮೂರು ವರ್ಷಗಳ ತರುವಾಯ, 1866ರಲ್ಲಿ, ಓರಿಯಡ್ ಎಂಬ ಗುಡ್ಡದ ಮೇಲೆ ವಿಶ್ವವಿದ್ಯಾನಿಲಯವನ್ನು ತೆರೆದರು. ಇಷ್ಟನ್ನು ತಿಳಿದ ಮೇಲೆ ಆ ಗುಡ್ಡದ ವಿದ್ಯಾರ್ಥಿಗಳ ಮೇಲೆ ಊರವರಿಗಿರುವ ಮಮತೆ ನಮಗೆ ಆಶ್ಚರ್ಯವಾಗಿ ತೋರಲಿಲ್ಲ.

ಆ ಮಮತೆ ಹೆಚ್ಚಾಗಿ ಹರಿಯುವುದು ಬ್ಯಾಸ್ಕೆಟ್‌ಬಾಲ್ ಆಟದ ಕಡೆಗೆ. ಈ ಆಟವೂ ಮೆಸಾಚುಸೆಟ್ಸ್ ಸೀಮೆಯಿಂದಲೇ ಬಂದದ್ದು. ಅಲ್ಲಿಯ ಸ್ಪ್ರಿಂಗ್‌ಫೀಲ್ಡ್ ಎಂಬಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ಶಿಕ್ಷಣಾಲಯದಲ್ಲಿ ಉಪಾಧ್ಯಾಯರಾಗಿದ್ದ ಜೇಮ್ಸ್ ನೈಸ್ಮಿತ್ ಎಂಬವರು 1891ರ ಡಿಸೆಂಬರಿನಲ್ಲಿ, ಚಳಿಯಿಂದ ಹೊರಗೆ ಹೋಗಲಾರದೆ ತಂಟೆ ಮಾಡುತ್ತಿದ್ದ ತರುಣರನ್ನು ಹಿಡಿತದಲ್ಲಿಡುವುದಕ್ಕಾಗಿ, ಹತ್ತಡಿ ಎತ್ತರದಲ್ಲಿ ಹಣ್ಣಿನ ಬುಟ್ಟಿಗಳೆರಡನ್ನು ಮೊಳೆಹೊಡೆದು ನಿಲ್ಲಿಸಿ, 13 ನಿಯಮಗಳನ್ನು ಬರೆದು ಆಟವನ್ನು ಕಲ್ಪಿಸಿದರು. ಅದೇ ವೈ.ಎಂ.ಸಿ.ಎ.ಯ ಮೂಲಕವೇ ಈ ಆಟವು ನಮ್ಮ ದೇಶಕ್ಕೂ ಬಂದಿತು. ನೈಸ್ಮಿತ್ ಮಹಾಶಯರು 1898ರಲ್ಲಿ ಲಾರೆನ್ಸಿಗೆ ಬಂದು ನೆಲೆಸಿ, 1939ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಸಮಾಧಿಯೂ ಅಲ್ಲಿಯೇ ಇದೆ. ಒಂದು ವಿನೋದವನ್ನು ಊರವರು ಹೊಸಬರಿಗೆ ಹೇಳದೆ ಬಿಡುವುದಿಲ್ಲ: ಅವರ ತಂಡಗಳು ಗೆದ್ದದ್ದು 55, ಸೋತದ್ದು 60. ಆ ವಿಶ್ವವಿದ್ಯಾನಿಲಯದ ಬ್ಯಾಸ್ಕೆಟ್‌ಬಾಲ್ ತರಬೇತುದಾರರೊಳಗೆ ಗೆಲುವಿಗಿಂತ ಸೋಲೇ ಹೆಚ್ಚಾಗಿರುವವರು ಆಟವನ್ನು ಸೃಷ್ಟಿಸಿದ ಮಹಾನುಭಾವರೊಬ್ಬರೇ!

ಅವರ ಶಿಷ್ಯರಾದ ಫಾಗ್ ಆಲನ್ ಎಂಬವರು ತಂಡವನ್ನು 39 ವರ್ಷಗಳ ಕಾಲ ನಡೆಸಿ 590 ಪಂದ್ಯಗಳನ್ನು ಗೆದ್ದರು. ಅವರ ಹೆಸರಿನಲ್ಲಿ 1955ರಲ್ಲಿ ತೆರೆದ ಆಟದ ಮಂದಿರದಲ್ಲಿ ಸುಮಾರು 15,300 ಜನ ಕುಳಿತುಕೊಳ್ಳಬಹುದು. ಪಕ್ಕದ ಕಟ್ಟಡದಲ್ಲಿ ನೈಸ್ಮಿತ್ತರ 13 ನಿಯಮಗಳ ಮೂಲಪ್ರತಿಯನ್ನು ಗಾಜಿನೊಳಗಿರಿಸಿದ್ದಾರೆ. ಎರಡೇ ಹಾಳೆ, 2010ರಲ್ಲಿ ಹರಾಜಿಗೆ ಬಂದಾಗ ಆ ವಿಶ್ವವಿದ್ಯಾನಿಲಯದ ಹಳೆಯ ವಿದ್ಯಾರ್ಥಿಯೊಬ್ಬರು 43 ಲಕ್ಷ ಡಾಲರುಗಳಿಗೂ ಮೇಲೆ ತೆತ್ತು ಕೊಂಡರು. ತಾಳೆಗರಿಗಳನ್ನು ಗೆದ್ದಲಿಗೆ ಬಿಟ್ಟ ಮನೆಗಳನ್ನು ಕಂಡಿರುವ ನಾವು ಆ ಗಾಜಿನ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು.

ಪಂದ್ಯಗಳು ಆರಂಭವಾಗುವುದು ನವೆಂಬರ್ ಮೊದಲಲ್ಲಿ. ಆದರೆ ಊರಿನ ಮಾತುಕತೆ ಅಕ್ಟೋಬರಿನಲ್ಲಿಯೇ ಕಾವೇರಿರುತ್ತದೆ. ಆ ತಿಂಗಳ ಒಂದು ಸಂಜೆ ಮಂದಿರವನ್ನು ಸರ್ವರಿಗೂ ತೆರೆದು, ಹೊಸ ಸಾಲಿನ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಕರೆದು ತೋರಿಸುತ್ತಾರೆ. 1985ರಿಂದ ನಡೆದು ಬಂದ ಪದ್ಧತಿ ಇದು. ನಾವೂ ಹೋಗಿದ್ದೆವು. ದೀಪಗಳನ್ನು ಆರಿಸಿ, ಹೆಸರು ಕರೆದೊಡನೆ ಹುಡುಗನೊಬ್ಬನು ಬೆಳಕಿನ ವೃತ್ತದೊಳಕ್ಕೆ ಓಡಿ ಬರುತ್ತಿದ್ದನು. ಸಹಸ್ರ ಸಹಸ್ರ ಕಂಠಗಳು ಒಮ್ಮೆಗೆ ಮೊಳಗುತ್ತಿದ್ದವು. ಆಮೇಲೆ ಆ ಜನವೆಲ್ಲ ಮಂದ್ರಸ್ಥಾಯಿಯಲ್ಲಿ ಒಂದು ಘೋಷವನ್ನು ಎಳೆದು ಹೇಳಿದರು. 1886ರಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದ ಬೇಲಿ ಎಂಬವರಿಂದ ಹುಟ್ಟಿದ ಘೋಷವಂತೆ. ಅರ್ಥ ತಿಳಿಯದಿದ್ದರೂ ನಮ್ಮ ಮೈ ನವಿರೆದ್ದಿತು.

ಮಾರನೆಯ ದಿನದಿಂದ ಮೆಸಾಚುಸೆಟ್ಸ್ ಬೀದಿಯ ಕಾಫಿ ಅಂಗಡಿಯೊಂದರಲ್ಲಿ ವಿಚಾರಸಭೆ ಕೂಡಿತು. ಸದಸ್ಯರು ಐದಾರು ಮಂದಿ, ಎಲ್ಲರೂ ವೃದ್ಧರು: ನಿವೃತ್ತ ಅಂಚೆಯವರೊಬ್ಬರು, ರೈತರಿಬ್ಬರು, ದಂತವೈದ್ಯರೊಬ್ಬರು, ನಲವತ್ತು ವರ್ಷಗಳಿಂದ ಮಂದಿರದಲ್ಲಿ ಒಂದೇ ಆಸನವನ್ನು ಉಳಿಸಿಕೊಂಡು ಬಂದಿರುವ ಓರ್ವ ವೃದ್ಧೆ. ಮೇಜಿನ ಮೇಲೆ ಆಟಗಾರರ ಪಟ್ಟಿ. ಅದರ ಅಂಚಿನಲ್ಲಿ ಪೆನ್ಸಿಲಿನ ಗುರುತುಗಳು. ನಮ್ಮನ್ನು ಆದರದಿಂದ ಕೂರಿಸಿಕೊಂಡು, ನಮಗೆ ತಿಳಿಯಲೆಂದು ಮೊದಲಿನಿಂದ ವಿವರಿಸಿದರು.

ಆ ವರ್ಷ ಸಭೆಯವರು ಉಬ್ಬಿಹೋಗಿದ್ದುದಕ್ಕೆ ಕಾರಣವಿದ್ದಿತು. ಅಸೋಸಿಯೇಟೆಡ್ ಪ್ರೆಸ್ ಎಂಬ ವಾರ್ತಾಸಂಸ್ಥೆಯವರು ಪತ್ರಿಕಾಕರ್ತರ ಮತಗಳನ್ನು ಕೂಡಿಸಿ ಪಂದ್ಯಕಾಲಕ್ಕೆ ಮುಂಚೆ ಪ್ರಕಟಿಸುವ ಶ್ರೇಣಿಯಲ್ಲಿ ಕ್ಯಾನ್ಸಸ್ ತಂಡಕ್ಕೆ ದೇಶದಲ್ಲಿಯೇ ಮೊದಲನೆಯ ಸ್ಥಾನ ದೊರೆತಿದ್ದಿತು. ಬುಟ್ಟಿಯ ಕೆಳಗೆ ನಿಲ್ಲತಕ್ಕ ಹಂಟರ್ ಡಿಕಿನ್‌ಸನ್ ಏಳಡಿ ಎರಡಂಗುಲದ ಆಳು. ಚೆಂಡನ್ನು ನಡೆಸಿ ಇತರರಿಗೆ ಹಂಚತಕ್ಕ ಡಜ್ವಾನ್ ಹ್ಯಾರಿಸ್, 2022ರಲ್ಲಿ ರಾಷ್ಟ್ರದ ಕಿರೀಟವನ್ನು ಗೆದ್ದ ತಂಡದಲ್ಲಿದ್ದವನು. ಅಲ್ಲಿ ಅವನಿಗದು ಆರನೆಯ ವರ್ಷ. ಅವನು ಬೆಳೆದದ್ದು ಮಿಸೂರಿ ಸೀಮೆಯಲ್ಲಿ, ಅದೂ ಇವರ ಬದ್ಧಪ್ರತಿಸ್ಪರ್ಧಿಯಾದ ವಿಶ್ವವಿದ್ಯಾನಿಲಯವಿರುವ ಊರಿನಲ್ಲಿ. ಊರನ್ನು ಸುಟ್ಟ ಸೀಮೆಯ ಹುಡುಗನನ್ನು ಸುಟ್ಟ ಊರಿನವರ ವಂಶದವರು ತಮ್ಮ ಮಗನೆಂಬಂತೆ ಹೊಗಳಿದರು. ಕಾಂಗೋ ದೇಶದಿಂದ ಬಂದ ಫ್ಲೋರಿ ಬಿಡುಂಗನಿಗೆ ಮೊದಲ ವರ್ಷ; ಅವನು ನೆಗೆದರೆ ಬುಟ್ಟಿಯೇ ಕೆಳಗಾಗುವುದೆಂದು ರೈತರೊಬ್ಬರು ಕೈಯೆತ್ತಿ ತೋರಿಸಿದರು. ದೂರದ ಗೆರೆಯಾಚೆಯಿಂದ ಎಸೆದು ಮೂರು ಅಂಕ ತರಬಲ್ಲ ಝೀಕ್ ಮೇಯೋ ಲಾರೆನ್ಸಿನ ಹೈಸ್ಕೂಲಿನಲ್ಲಿಯೇ ಓದಿದವನು. ಸೌತ್ ಡಕೋಟಾ ಸೀಮೆಯ ಕಾಲೇಜಿನಲ್ಲಿ ಹೆಸರು ಗಳಿಸಿ, ಕಡೆಯ ವರ್ಷಕ್ಕೆ ತವರಿಗೆ ಮರಳಿದ್ದನು. ಅವನ ಹೆಸರು ಬಂದಾಗ ಪೆನ್ಸಿಲು ಮೇಜಿನ ಮೇಲೆ ಮಲಗಿತು. ಯಾರೂ ಗುರುತು ಹಾಕಲಿಲ್ಲ.

ಉಳಿದವರ ವಿಷಯದಲ್ಲಿ ಅಷ್ಟು ದಾಕ್ಷಿಣ್ಯವಿರಲಿಲ್ಲ. ಇವನ ಎಸೆತ ಚೆನ್ನ, ಕಾಲು ನಿಧಾನ. ಅವನು ಓಡುತ್ತಾನೆ, ತಾಳ್ಮೆಯಿಲ್ಲ. ಇನ್ನೊಬ್ಬನು ಬೆಂಚಿನ ಮೇಲೆ ಕೂರುವುದಕ್ಕೇ ಸರಿ. ನಾವು ಸೋದರಳಿಯನ ಕಡೆಗೆ ತಿರುಗಿ, "ಇವರೆಲ್ಲ ಆ ಹುಡುಗರು ಆಡಿದ್ದನ್ನು ಕಂಡಿದ್ದಾರೆಯೇನಪ್ಪ?" ಎಂದೆವು. "ಬೇರೆ ಕಾಲೇಜಿಗೆ ಆಡಿದ್ದನ್ನು ತೆರೆಯ ಮೇಲೆ ನೋಡಿರುತ್ತಾರೆ, ಮಾವ. ಒಟ್ಟಾಗಿ ಆಡಿದ್ದನ್ನು ಇನ್ನೂ ಯಾರೂ ಕಂಡಿಲ್ಲ" ಎಂದನು.

ಇದಕ್ಕೆ ಕಾರಣವನ್ನು ವಾಚಕರು ತಿಳಿಯಬೇಕು. ಪೂರ್ವದಲ್ಲಿ ಹುಡುಗನೊಬ್ಬನು ಒಂದು ಕಾಲೇಜಿಗೆ ಸೇರಿದರೆ ಸಾಮಾನ್ಯವಾಗಿ ನಾಲ್ಕು ವರ್ಷ ಅಲ್ಲಿಯೇ ಇರುತ್ತಿದ್ದನು. ಬಿಟ್ಟು ಹೋದರೆ ಒಂದು ವರ್ಷ ಆಡದೆ ಕಾಯಬೇಕಾಗುತ್ತಿದ್ದಿತು. 2021ರಿಂದ ಆ ಕಟ್ಟು ಸಡಿಲವಾಯಿತು. ಅದೇ ವರ್ಷದ ಜುಲೈಯಿಂದ ಆಟಗಾರರು ತಮ್ಮ ಹೆಸರನ್ನೂ ಚಿತ್ರವನ್ನೂ ಬಳಸಗೊಟ್ಟು ಹಣ ಪಡೆಯಬಹುದೆಂದಾಯಿತು; 2025ರಿಂದ ವಿಶ್ವವಿದ್ಯಾನಿಲಯಗಳೇ ನೇರವಾಗಿ ಹಣ ಕೊಡುತ್ತಿವೆ. ಇವರ ದುಡಿಮೆಯಿಂದ ಬರುವ ಆದಾಯದಲ್ಲಿ ಇವರಿಗೂ ಪಾಲಿರುವುದು ನ್ಯಾಯವೇ. ಆದರೆ ಪರಿಣಾಮವಾಗಿ ತಂಡವು ವರ್ಷಕ್ಕೊಮ್ಮೆ ಒಡೆದು ಕಟ್ಟುವ ಮನೆಯಂತಾಗಿದೆ. ನಾವು ಕಂಡ ಸಾಲಿನಲ್ಲಿ ಮೇಯೋ ಅಲ್ಲದೆ ವಿಸ್ಕಾನ್ಸಿನ್, ಅಲಬಾಮಾ, ಇಲಿನಾಯ್, ಮಿಸಿಸಿಪಿ ಸೀಮೆಗಳ ಕಾಲೇಜುಗಳಿಂದಲೂ ಒಬ್ಬೊಬ್ಬರು ಹೊಸದಾಗಿ ಬಂದಿದ್ದರು. ಹಿಂದೆ ಪಟ್ಟಿಯನ್ನು ನೋಡುವುದೆಂದರೆ ಬೆಳೆದ ಮಕ್ಕಳನ್ನು ಮತ್ತೊಮ್ಮೆ ನೋಡುವುದಾಗಿತ್ತು. ಈಗ ಅಪರಿಚಿತರ ಬೆಲೆ ಕಟ್ಟುವುದಾಗಿದೆ. ಬೆಲೆ ಕಟ್ಟಿದ ವಸ್ತುವಿನ ಮೇಲೆ ಸಿಟ್ಟು ಬರುವುದೂ ಬೇಗ. ಪಂದ್ಯ ಸೋತ ರಾತ್ರಿ, ಅದರಲ್ಲಿಯೂ ಜೂಜು ಕಟ್ಟಿ ಸೋತವರು, ಇಪ್ಪತ್ತು ವರ್ಷದ ಹುಡುಗರಿಗೆ ಬರೆದು ಕಳುಹಿಸುವ ನೀಚ ಮಾತುಗಳು ಆ ದೇಶದಲ್ಲಿ ಈಗ ದೊಡ್ಡ ಪಿಡುಗಾಗಿವೆ.

ನಮಗೆ ಉದ್ಯೋಗಪರ್ವದ ನೆನಪಾಯಿತು. ಯುದ್ಧಕ್ಕೆ ಮುನ್ನ ದುರ್ಯೋಧನನ ಕೋರಿಕೆಯಂತೆ ಭೀಷ್ಮನು ಉಭಯ ಸೇನೆಗಳ ರಥರನ್ನೂ ಅತಿರಥರನ್ನೂ ಎಣಿಸುತ್ತಾನಷ್ಟೆ. ಕರ್ಣನ ಸರದಿ ಬಂದಾಗ, ಕವಚಕುಂಡಲಗಳನ್ನು ಕಳೆದುಕೊಂಡವನು, ಗುರುಶಾಪಕ್ಕೆ ಗುರಿಯಾದವನು, ಇವನು ಅರ್ಧರಥನೆಂದುಬಿಡುತ್ತಾನೆ, ದ್ರೋಣನು ಹೌದೆನ್ನುತ್ತಾನೆ. ಕರ್ಣನು ಕೆರಳಿ, ಭೀಷ್ಮನು ಬದುಕಿರುವವರೆಗೆ ತಾನು ಯುದ್ಧಮಾಡುವುದಿಲ್ಲವೆಂದು ಶಪಥಮಾಡುತ್ತಾನೆ. ಲೆಕ್ಕದಲ್ಲಿ ಸುಳ್ಳಿರಲಿಲ್ಲ, ಕವಚ ಹೋದದ್ದೂ ನಿಜ, ಶಾಪವಿದ್ದದ್ದೂ ನಿಜ. ಆದರೆ ಆ ಒಂದು ಮಾತಿನಿಂದ ಹತ್ತು ದಿನ ಕರ್ಣನಿಲ್ಲದೆ ಕೌರವರು ಕಾದಬೇಕಾಯಿತು. ಬಲಾಬಲವನ್ನು ಎಣಿಸುವ ಮಾತೇ ಬಲವನ್ನು ಕುಂದಿಸಬಲ್ಲದು.

ಈ ಕಥೆಯನ್ನು ನಾವು ಸಭೆಗೆ ಹೇಳಿದೆವು. ಅಂಚೆಯವರು ನಕ್ಕು, "ಆ ಮುದುಕರು ಇಲ್ಲಿ ಕೂರತಕ್ಕವರು" ಎಂದರು. ವೃದ್ಧೆ ಮಾತ್ರ ನಗಲಿಲ್ಲ. "ನನ್ನ ಮೊಮ್ಮಗನೂ ಹೈಸ್ಕೂಲಿನಲ್ಲಿ ಆಡುತ್ತಿದ್ದನು. ಮನೆಯ ಮೇಜಿನ ಮುಂದೆ ಅವನಪ್ಪನು ಲೆಕ್ಕ ಹೇಳಿ ಹೇಳಿ, ಹುಡುಗನು ಚೆಂಡನ್ನೇ ಮುಟ್ಟುವುದನ್ನು ಬಿಟ್ಟನು. ಅಂದಿನಿಂದ ನಾನು ಮಂದಿರದಲ್ಲಿ ಯಾರ ಹೆಸರು ಕರೆದರೂ ಎದ್ದು ನಿಲ್ಲುತ್ತೇನೆ, ಬೆಂಚಿನ ತುದಿಯವನಿಗೂ" ಎಂದರು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಅನಂತರ ದಂತವೈದ್ಯರು ಪಟ್ಟಿಯನ್ನು ಮತ್ತೆ ತೆಗೆದರು. ಆದರೆ ದನಿ ಮೊದಲಿಗಿಂತ ಮೆತ್ತಗಾಗಿದ್ದಿತು.

ಮುಂದೆ ನಡೆದದ್ದನ್ನು ಹೇಳಬೇಕು. ಅಕ್ಟೋಬರ್ 25ರಂದು ಧರ್ಮಾರ್ಥವಾಗಿ ನಡೆದ ಅಭ್ಯಾಸಪಂದ್ಯದಲ್ಲಿಯೇ ಆರ್ಕನ್ಸಾ ತಂಡದವರು ಇವರನ್ನು 85ಕ್ಕೆ 69ರಂತೆ ಸೋಲಿಸಿದರು. ಅದು ಲೆಕ್ಕಕ್ಕಿಲ್ಲದ ಆಟವೆಂದು ಊರು ಸಮಾಧಾನ ತಂದುಕೊಂಡಿತು. ನವೆಂಬರ್ 8ರಂದು ನಾರ್ತ್ ಕೆರೊಲೈನಾ ತಂಡವನ್ನು 92ಕ್ಕೆ 89ರಂತೆ ಗೆದ್ದರು. ನಾಲ್ಕು ದಿನಗಳ ಮೇಲೆ ಮಿಷಿಗನ್ ಸ್ಟೇಟ್ ತಂಡವನ್ನು ಗೆದ್ದಾಗ, 2003ರಿಂದ ಅಲ್ಲಿ ತರಬೇತುದಾರರಾಗಿರುವ ಬಿಲ್ ಸೆಲ್ಫ್ ಅವರು ಆಲನ್ನರ 590ನ್ನು ದಾಟಿದರು. ಬಳಿಕ ತಂಡ ಎಡವುತ್ತ ಹೋಯಿತು. 2025ರ ಮಾರ್ಚ್ 20ರಂದು, 68 ತಂಡಗಳ ರಾಷ್ಟ್ರೀಯ ಸ್ಪರ್ಧೆಯ ಮೊದಲ ಸುತ್ತಿನಲ್ಲಿ, ಅದೇ ಆರ್ಕನ್ಸಾ ಎದುರಾಗಿ 79ಕ್ಕೆ 72ರಂತೆ ಗೆದ್ದಿತು. ಮೊದಲ ಸುತ್ತಿನಲ್ಲಿಯೇ ಹಿಂದಿರುಗಿದ್ದು 2006ರ ತರುವಾಯ ಅದೇ ಮೊದಲು. ಒಟ್ಟು 21 ಗೆಲುವು, 13 ಸೋಲು. ಕೆ. ಜೆ. ಆಡಮ್ಸ್ ಎಂಬ ಹುಡುಗನು ನಾಲ್ಕು ವರ್ಷ ಅಲ್ಲಿಯೇ ನಿಂತು ಆಡಿದವನು; ಆ ಕಡೆಯ ಪಂದ್ಯದಲ್ಲಿ ಹಿಮ್ಮಡಿಯ ಸ್ನಾಯು ಹರಿದು ಬಿದ್ದನು.

ಪಟ್ಟಿ ನೋಡಿ ಮೊದಲನೆಯದೆಂದ ತಂಡ ಹೀಗಾಯಿತು. ಅದರ ಹಿಂದಿನ ವರ್ಷವೂ ಮೊದಲನೆಯದೆಂದಿದ್ದ ತಂಡ ಎರಡನೆಯ ಸುತ್ತಿಗೆ ಮುಗಿದಿತ್ತು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಆ ಊರಿನಲ್ಲಿಯೇ ಇದೆ. 1988ರ ತಂಡದಲ್ಲಿ ಒಬ್ಬನು ಮೊಣಕಾಲು ಮುರಿದುಕೊಂಡನು. ಇನ್ನೊಬ್ಬನು ಪಾಠದಲ್ಲಿ ತೇರ್ಗಡೆಯಾಗದೆ ಹೊರಗುಳಿದನು. ನಡುಗಾಲದಲ್ಲಿ ಜನರು ಆಸೆ ಬಿಟ್ಟರು. ಹನ್ನೊಂದು ಪಂದ್ಯಗಳನ್ನು ಸೋತ ಅದೇ ತಂಡ ಕಡೆಗೆ ಒಕ್ಲಹೋಮಾವನ್ನು 83ಕ್ಕೆ 79ರಂತೆ ಗೆದ್ದು ದೇಶಕ್ಕೆ ಮೊದಲಾಯಿತು.

ಹಾಗಾದರೆ ಗಣನೆಯನ್ನೇ ಬಿಡಬೇಕೆ? ಅದು ಅಸಾಧ್ಯ, ಪ್ರೀತಿಯಿದ್ದಲ್ಲಿ ಎಣಿಕೆಯೂ ಇದ್ದೇ ಇರುತ್ತದೆ. 2025ರ ಅಕ್ಟೋಬರಿನಲ್ಲಿ ಸೋದರಳಿಯನು ದೂರವಾಣಿಯಲ್ಲಿ ತಿಳಿಸಿದನು: ಹಳೆಯ ಸಾಲಿನ ಬಹುಮಂದಿ ಹೋಗಿದ್ದಾರೆ, ಕಾಂಗೋದ ಹುಡುಗನು ಉಳಿದಿದ್ದಾನೆ, ಸಭೆಯವರು ಹೊಸ ಹೆಸರುಗಳನ್ನು ಉಚ್ಚರಿಸಲು ಕಲಿಯುತ್ತಿದ್ದಾರೆ, ವೃದ್ಧೆ ತಮ್ಮ ಆಸನಕ್ಕೆ ಹಣ ಕಟ್ಟಿದ್ದಾರೆ.

ಪ್ರತಿವರ್ಷ ಜೂನ್ ತಿಂಗಳಲ್ಲಿ ನಮ್ಮ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಇಂಥದೇ ಒಂದು ಪಟ್ಟಿ ಸಿದ್ಧವಾಗುತ್ತದೆ: ಇವನು ಗಣಿತಕ್ಕೆ ಸರಿ, ಇವಳು ಮಂದಮತಿ, ಇವನಿಂದ ಏನೂ ಆಗದು. ಎಣಿಸುವ ಹಿರಿಯರು ಎಣಿಸಲಿ. ಅರ್ಧರಥನೆಂಬ ಮಾತು ನಾಲಗೆಯ ತುದಿಗೆ ಬಂದಾಗ ಮಾತ್ರ, ಆ ಮಗು ಕೇಳುವಷ್ಟು ಹತ್ತಿರದಲ್ಲಿದೆಯೇ ಎಂದು ಒಮ್ಮೆ ತಿರುಗಿ ನೋಡುವುದು ಲೇಸು.